ಗರಿಷ್ಠ ವೇಗವೂ ಸರಾಸರಿ ವೇಗವೂ

ನವದೆಹಲಿ ರೈಲುನಿಲ್ದಾಣದಿಂದ ವಿಮಾನನಿಲ್ದಾಣಕ್ಕೆ ಮೆಟ್ರೋ ಮಾರ್ಗದಲ್ಲಿ ಸುಮಾರು 19 ಕಿಲೋಮೀಟರು. 2011ರಲ್ಲಿ ಆರಂಭವಾದ ಈ ಮಾರ್ಗವನ್ನು ದೋಷಗಳ ದೆಸೆಯಿಂದ 2012ರಲ್ಲಿ ಮುಚ್ಚಿ, 2013ರಲ್ಲಿ ಗಂಟೆಗೆ 50 ಕಿಲೋಮೀಟರು ವೇಗಮಿತಿಯಿಂದ ಪುನಃ ತೆರೆದರು. 2023ರಲ್ಲಿ ಮಿತಿ 120ಕ್ಕೇರಿತು. ವಿಮಾನ ಹಿಡಿಯಬೇಕಾದವರು ಭಾಗಾಕಾರದ ಉತ್ತರವಾದ 9½ ನಿಮಿಷವನ್ನು ನಂಬಬಹುದೇ? ಕೂಡದು. ನಡುವೆ ಮೂರು ನಿಲ್ದಾಣಗಳುಂಟು.

ಹೊರಟ ಗಾಡಿಯ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 1 ಮೀಟರಿನಷ್ಟು ಹೆಚ್ಚುವುದೆಂದು ಭಾವಿಸೋಣ. ಪೂರ್ಣವೇಗಕ್ಕೆ 33 ಸೆಕೆಂಡು ಬೇಕು. ಆಗಿನ ಸರಾಸರಿ ವೇಗ ಅರ್ಧವೇ ಆದುದರಿಂದ ಅರ್ಧ ಕಾಲ ನಷ್ಟ. ನಿಲ್ಲುವಾಗಲೂ ಅಷ್ಟೇ ನಷ್ಟ. ನಾಲ್ಕು ಹಂತಗಳಿಗೆ ಒಟ್ಟು 2 ನಿಮಿಷಕ್ಕೂ ಮಿಗಿಲು. ನಿಲ್ದಾಣಗಳಲ್ಲಿ ತಂಗುವ ಕಾಲ ಬೇರೆ. ತಿರುವುಗಳಲ್ಲಿ ವೇಗ ತಗ್ಗಿಸುವುದನ್ನಂತೂ ನಾವಿನ್ನೂ ಲೆಕ್ಕಕ್ಕೇ ಹಿಡಿದಿಲ್ಲ.