ಹಸಿರು ಹುಳವೆಲ್ಲ ಚಿಟ್ಟೆಯ ಮರಿಯಲ್ಲ

ಮೂಲಂಗಿ ಎಲೆಯಲ್ಲಿ ತೂತು, ಅದರ ಮೇಲೊಂದು ಹುಳ. ಚಿಟ್ಟೆಯದೋ ಪತಂಗದ್ದೋ ಮರಿ ಎಂದುಕೊಂಡು ಸುಮ್ಮನಾಗುತ್ತೇವೆ. ಗೆಳೆಯರೇ, ಒಮ್ಮೆ ಅದರ ಕಾಲು ಎಣಿಸಿ. ಎದೆಯ ಮೂರು ಜೊತೆ ನಿಜಕಾಲುಗಳನ್ನು ಬಿಟ್ಟು ಹೊಟ್ಟೆಯಡಿಯ ಮೆತ್ತನೆಯ ಹುಸಿಕಾಲುಗಳನ್ನಷ್ಟೇ ಲೆಕ್ಕ ಹಾಕಬೇಕು. ಚಿಟ್ಟೆ, ಪತಂಗಗಳ ಮರಿಗೆ ಇವು ಸಾಮಾನ್ಯವಾಗಿ ಐದು ಜೊತೆ ದಾಟುವುದಿಲ್ಲ. ಎಂಟು ಜೊತೆ ಸಿಕ್ಕಿದರೆ, ತಲೆಯ ಎರಡೂ ಬದಿಗೆ ಒಂದೊಂದೇ ಕಣ್ಣಿನ ಚುಕ್ಕೆಯಿದ್ದರೆ, ಮುಟ್ಟಿದೊಡನೆ ಸುರುಳಿಯಾಗಿ ಕೆಳಗೆ ಬಿದ್ದರೆ ಅದು ಸಾಸಿವೆ ಗರಗಸ ನೊಣದ ಮರಿಯೇ ಇರಬೇಕು.

ಈ ಎಣಿಕೆ ಪ್ರಾಕ್ಟಿಕಲ್ ಪರೀಕ್ಷೆಗೆ ಮಾತ್ರವಲ್ಲ. ಪತಂಗದ ಮರಿಗಳಿಗೆಂದು ಮಾರುವ ಬಿಟಿ ಬ್ಯಾಕ್ಟೀರಿಯಾದ ಸಿಂಪಡಣೆ ಗರಗಸ ನೊಣದ ಮರಿಗೆ ನಾಟುವುದಿಲ್ಲ. ತಪ್ಪಾಗಿ ಗುರುತಿಸಿದ ರೈತನಿಗೆ ದುಡ್ಡೂ ಹೋಯಿತು, ಸೊಪ್ಪೂ ಹೋಯಿತು.

ಹೆಸರು 'ನೊಣ' ಆದರೂ ಇದು ನೊಣವಲ್ಲ. ನೊಣಕ್ಕೆ ಒಂದೇ ಜೊತೆ ರೆಕ್ಕೆ, ಇದಕ್ಕೆ ಎರಡು. ಜೇನು, ಇರುವೆ, ಕಣಜಗಳ ಹೈಮೆನಾಪ್ಟೆರಾ ಗಣಕ್ಕೆ ಸೇರಿದ್ದು. ಕಣಜದಂಥ ಸಣ್ಣ ಸೊಂಟ ಮಾತ್ರ ಇಲ್ಲ. ಹೆಣ್ಣು ಮೊಟ್ಟೆಯಿಡುವ ಅಂಗದಲ್ಲಿ ಗರಗಸದ ಹಲ್ಲುಗಳಿವೆ.

ದೊಡ್ಡ ಕೀಟಗಳನ್ನು ಬೇರ್ಪಡಿಸುವುದೇ ಕಷ್ಟ. ಯುರೋಪಿನ ಮೂರು ಜಾತಿಗಳನ್ನು ನೋಡಿ: ಅಥಾಲಿಯಾ ರೋಸೇ, ಆರ್ಗೆ ಆಕ್ರೋಪಸ್, ಆರ್ಗೆ ಪಗಾನಾ. ಮೂರಕ್ಕೂ ಕಪ್ಪು ತಲೆ, ಕಿತ್ತಳೆ-ಹಳದಿ ಹೊಟ್ಟೆ. ಬಣ್ಣ ನೋಡಿ ಹೆಸರು ಹೇಳಿದರೆ ಎಡವುತ್ತೇವೆ. ಮೊದಲು ಕುಡಿಮೀಸೆ ನೋಡಬೇಕು. ಆರ್ಗೆಗಳಲ್ಲಿ ಅದಕ್ಕೆ ಮೂರೇ ಖಂಡ, ಮೂರನೆಯದು ಕಡ್ಡಿಯಂತೆ ತೀರಾ ಉದ್ದ. ಅಥಾಲಿಯಾದಲ್ಲಿ ಹತ್ತರ ಆಸುಪಾಸು ಗಿಡ್ಡ ಖಂಡಗಳು, ತುದಿಯತ್ತ ತುಸು ದಪ್ಪ. ಆಮೇಲೆ ಎದೆಯ ಬೆನ್ನುಭಾಗ: ಅಥಾಲಿಯಾ ರೋಸೇಯಲ್ಲಿ ಕಿತ್ತಳೆಯ ನಡುವೆ ಎರಡು ಪಕ್ಕದಲ್ಲೂ ಕಪ್ಪು ಪಟ್ಟೆ. ಪಗಾನಾದ ಎದೆ ಪೂರ್ತಿ ಕಪ್ಪು, ಕಾಲುಗಳೂ ಬಹುತೇಕ ಕಪ್ಪು. ಆಕ್ರೋಪಸ್‌ನ ಎದೆಯೂ ಹೆಚ್ಚಾಗಿ ಕಪ್ಪೇ, ಆದರೆ ಕತ್ತಿನ ಹತ್ತಿರ ಹಳದಿ ಇಣುಕುತ್ತದೆ, ಕಾಲು ಹೆಚ್ಚಾಗಿ ಹಳದಿ.

ಹೆಸರಿನಲ್ಲೂ ಒಂದು ತಮಾಷೆಯಿದೆ. 1758ರಲ್ಲಿ ಲಿನೇಯಸ್ 'ರೋಸೇ' ಎಂದು ಕರೆದ ಕೀಟದ ಮರಿ ಗುಲಾಬಿ ತಿನ್ನುವುದಿಲ್ಲ, ಸಾಸಿವೆ ಮತ್ತು ಟರ್ನಿಪ್ ಎಲೆ ತಿನ್ನುತ್ತದೆ. ಗುಲಾಬಿ ತಿನ್ನುವವು ಆ ಎರಡು ಆರ್ಗೆಗಳು! ಹಾಗಾಗಿ ಕೀಟ ಯಾವ ಗಿಡದ ಮೇಲೆ ಸಿಕ್ಕಿತೆಂದು ಚೀಟಿಯಲ್ಲಿ ಬರೆದಿಡಿ. ಬಣ್ಣವನ್ನೂ ಆಗಲೇ ಬರೆದುಬಿಡಿ, ಸ್ಪಿರಿಟ್ಟಿನಲ್ಲಿ ಹಳದಿ ಮಾಸಬಹುದು.