ಜೈಲಿನ ಶಿಕ್ಷೆಗೂ ಮೇಲೊಂದು ಕೋರ್ಟಿದೆ

ಸಹೋದರಿ, ಜೈಲಿನೊಳಗೆ ಸೂಪರಿಂಟೆಂಡೆಂಟ್ ಹೇಳಿದ್ದೇ ಕೊನೆ ಎಂದು ಯಾರೋ ನಿಮ್ಮನ್ನು ಹೆದರಿಸಿದ್ದಾರೆ. ಹಾಗೇನಿಲ್ಲ. ಒಂಟಿ ಕೊಠಡಿ, ಸವಲತ್ತು ಕಡಿತ, ದಂಡನೆಯ ರೂಪದ ವರ್ಗಾವಣೆ, ಇವಕ್ಕೆಲ್ಲ ಸೆಷನ್ಸ್ ನ್ಯಾಯಾಧೀಶರ ಪರಿಶೀಲನೆ ಬೇಕು, ತುರ್ತಿದ್ದರೆ ಎರಡು ದಿನದೊಳಗಾದರೂ ಅವರಿಗೆ ತಿಳಿಸಬೇಕು ಎಂದು ಸುನಿಲ್ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿದೆ. (ಆ ಪ್ರಕರಣ ಶುರುವಾದದ್ದೇ ಕೈದಿಯೊಬ್ಬ ನ್ಯಾಯಮೂರ್ತಿಗೆ ಬರೆದ ಪತ್ರದಿಂದ!)

ಮೊದಲು ಜೈಲಿನಲ್ಲಿರುವ ನಿಮ್ಮಣ್ಣನಿಗೆ ಕೊಟ್ಟ ಶಿಕ್ಷೆಯ ಆದೇಶದ ಪ್ರತಿ ಕೇಳಿ. ಆರೋಪವೇನೆಂದು ಅವರಿಗೆ ತಿಳಿಸಿದ್ದರೇ, ಅವರ ಮಾತು ಕೇಳಿದ್ದರೇ ನೋಡಿ. ಆ ಆದೇಶವನ್ನು ಪ್ರಶ್ನಿಸುವ ರಿಟ್ ಅರ್ಜಿಯಲ್ಲಿ ಹೈಕೋರ್ಟ್ ಸಾಮಾನ್ಯವಾಗಿ ತಪ್ಪು ಯಾರದೆಂದು ಮತ್ತೆ ತೂಗುವುದಿಲ್ಲ. ವಿಚಾರಣೆ ನ್ಯಾಯವಾಗಿ ನಡೆಯಿತೇ ಎಂದು ನೋಡುತ್ತದೆ. ನಿಮ್ಮ ಬಲವಿರುವುದು ಅಲ್ಲೇ. ಫೀಸಿನ ಚಿಂತೆ ಬಿಡಿ, ಬಂಧನದಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.