ಬಡ್ಡಿ ಇಲ್ಲದ ಕಂತಿಗೆ ಶೇ 25 ಬಡ್ಡಿ

ಮಗಳ ಕಿವಿಯ ಶಸ್ತ್ರಚಿಕಿತ್ಸೆಗೆ 72,000 ರೂಪಾಯಿ ಕೊಟ್ಟೆ. ಹುಟ್ಟಿನಿಂದಲೂ ಅವಳ ಎರಡೂ ಕಿವಿ ಮುಂದಕ್ಕೆ ಚಾಚಿಕೊಂಡಿದ್ದವು. ಕೇಳಿಸುವುದಕ್ಕೇನೂ ತೊಂದರೆ ಇರಲಿಲ್ಲ. ‘ಇಷ್ಟಕ್ಕ ಅಷ್ಟು ರೊಕ್ಕ ಯಾಕ್ರಿ?’ ಎಂದು ಕಲಬುರಗಿಯ ಐವಾನ್-ಎ-ಶಾಹಿಯ ನಮ್ಮ ಓಣಿಯಲ್ಲಿ ಹಲವರು ಕೇಳಿದರು. ಸೆಕೆಯಲ್ಲೂ ಕೂದಲು ಇಳಿಬಿಟ್ಟು ಕಿವಿ ಮುಚ್ಚಿಕೊಳ್ಳುತ್ತಿದ್ದ ಹುಡುಗಿ ತಾನಾಗಿಯೇ ಬೇಕೆಂದಳು. ನನಗೆ ಅಷ್ಟು ಸಾಕಿತ್ತು. ಆ ಖರ್ಚಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಬಿಲ್ ಕೌಂಟರಿನಲ್ಲಿ ಮುಂದಿಟ್ಟ ಸಾಲದ ಮೇಲೆ.

‘ಸರ, ನೋ ಕಾಸ್ಟ್ ಇಎಂಐ ಅದ. ಬಡ್ಡಿ ಇಲ್ರಿ, ಬರೀ ಕಂತು.’ ಪ್ಯಾಕೇಜು 80,000. ತಿಂಗಳಿಗೆ 6,667ರಂತೆ 12 ಕಂತು. ಪ್ರೊಸೆಸಿಂಗ್ ಶುಲ್ಕ ಶೇ 2, ಅದರ ಮೇಲೆ ಜಿಎಸ್‌ಟಿ, ಒಟ್ಟು 1,888. ಒಮ್ಮೆಲೇ ಕಟ್ಟಿದರೆ? ‘ಎಂಟು ಸಾವಿರ ಬಿಡ್ತೀವ್ರಿ.’

ಅಂದರೆ ನಿಜವಾದ ಬೆಲೆ 72,000. ಶುಲ್ಕದ 1,888 ಮೊದಲೇ ಕೈಬಿಟ್ಟಿರುತ್ತದೆ, ಹಾಗಾಗಿ ನಮಗೆ ಸಿಗುವ ಸಾಲ 70,112. ಹಿಂದಿರುಗಿಸುವುದು 80,000. ವ್ಯತ್ಯಾಸ 9,888, ನೋಡಲು ಶೇ 14. ಆದರೆ ಸಾಲ ವರ್ಷವಿಡೀ ನಮ್ಮ ಬಳಿ ಉಳಿಯುವುದಿಲ್ಲ. ಮೊದಲ ತಿಂಗಳಿನಿಂದಲೇ ಕರಗುತ್ತದೆ. ಕರಗುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 25! ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಹೆಸರು ಬದಲಿಸಿಕೊಂಡು ಅದೇ ಸರಕು ಈಗ ಆಸ್ಪತ್ರೆಯೊಳಗೆ ಬಂದಿದೆ. ಮಗುವಿನ ಕೈ ಹಿಡಿದು ನಿಂತ ತಂದೆತಾಯಿಗೆ ಇದನ್ನು ಮಾರುವುದು ನನಗೆ ಸಹಿಸಲಾಗದ ವಿಷಯ.

ಕಿವಿ ತಿದ್ದುವುದು ತುರ್ತಿನ ಚಿಕಿತ್ಸೆಯೂ ಅಲ್ಲ. ಐದಾರು ವರ್ಷಕ್ಕೆ ಕಿವಿ ಬಹುಪಾಲು ಬೆಳೆದಿರುತ್ತದೆ. ಆಮೇಲೆ ಯಾವಾಗ ಬೇಕಾದರೂ ಮಾಡಿಸಬಹುದು. ನಾನು ತಿಂಗಳಿಗೆ 6,000ದಂತೆ ಒಂದು ವರ್ಷ ಆರ್‌ಡಿ ಕಟ್ಟಿದೆ. ಕಂತು ಕಟ್ಟುವ ಶಕ್ತಿ ಇದ್ದವರಿಗೆ ಕಾಯುವ ಶಕ್ತಿಯೂ ಇರಲೇಬೇಕು. ಮೊದಲು ಕೊಂಡು ಆಮೇಲೆ ದುಡಿಯುವ ರೂಢಿಯನ್ನು ಮಕ್ಕಳು ನಮ್ಮಿಂದಲೇ ಕಲಿಯುತ್ತಾರೆ.

ವಿಮೆಯ ಆಸೆ ಬೇಡ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಅಥವಾ ತಕ್ಷಣದ ಆರೋಗ್ಯ ಅಪಾಯ ಇಲ್ಲದಿದ್ದರೆ ರೂಪ ಬದಲಿಸುವ ಚಿಕಿತ್ಸೆಗೆ ಪಾಲಿಸಿ ಹಣ ಕೊಡುವುದಿಲ್ಲ. ಜಿಎಸ್‌ಟಿಯ ಮಾತು ಬೇರೆ. ಸೌಂದರ್ಯ ಚಿಕಿತ್ಸೆಗೆ ಶೇ 18 ತೆರಿಗೆ. ಹುಟ್ಟಿನ ನ್ಯೂನತೆ, ಬೆಳವಣಿಗೆಯ ದೋಷ, ಗಾಯ ಸರಿಪಡಿಸುವುದಕ್ಕೆ ವಿನಾಯಿತಿ. ನಮ್ಮ ವೈದ್ಯರು ಕೇಸ್ ಶೀಟಿನಲ್ಲಿ ಕಾರಣ ಸ್ಪಷ್ಟವಾಗಿ ಬರೆದಿದ್ದರಿಂದ 12,960 ರೂಪಾಯಿ ಉಳಿಯಿತು. ಕಮಲಾಪುರದ ನಮ್ಮ ಅತ್ತೆಯವರ ಓಲೆ ಎಳೆದು ಕಿವಿಹಾಲೆ ಹರಿದಿತ್ತು. ಅದೂ ಗಾಯವೇ, ಬರೆಸಿಕೊಳ್ಳಿ ಎಂದೆ. ಅಂಥ ಹೊಲಿಗೆ ಆ ಜಾಗವಷ್ಟೇ ಮರಗಟ್ಟಿಸಿ ಮುಗಿಸುವ ಸಣ್ಣ ಕೆಲಸ. ಪ್ಯಾಕೇಜಿಗೆ ಹೋಗುವ ಮುಂಚೆ ಇಲ್ಲಿನ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಿ ಒಮ್ಮೆ ವಿಚಾರಿಸಿ.

ಮನೆಯಲ್ಲಿ ಬಾಣಂತಿ ಇದ್ದರೆ ಕೂಸಿನ ಕಿವಿಯನ್ನು ಈಗಲೇ ವೈದ್ಯರಿಗೆ ತೋರಿಸಿ. ಮೊದಲ ಕೆಲವು ವಾರ ಮೃದ್ವಸ್ಥಿ ಮೆತ್ತಗಿರುತ್ತದೆ, ಅಚ್ಚು ಕೂರಿಸಿ ಕತ್ತರಿ ಇಲ್ಲದೆಯೇ ತಿದ್ದಬಹುದು. ಆ ವಾರಗಳು ದಾಟಿದ್ದರೆ, ಹಣ ಕಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿ: ಒಳಗಿನ ಹೊಲಿಗೆ ಸಡಿಲವಾಗಿ ಕಿವಿ ಮತ್ತೆ ಮುಂದೆ ಬಂದರೆ ಎರಡನೆಯ ಸಲದ ಖರ್ಚು ಯಾರದು? ಉತ್ತರವನ್ನು ಲಿಖಿತವಾಗಿ ಪಡೆಯಿರಿ.